ಪಿಗ್ಮಿಯವರು ಬಂದರು!

ನಮ್ಮ ನಾಡಿನ ಹಳೆಯ ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು; ಉಳಿದವರು ಕೇಳಿಯಂತೂ ಇರುತ್ತೀರಿ. ರಾತ್ರಿ ಬಾಗಿಲು ತಟ್ಟಲು ಬರುವ ದೆವ್ವ ಅದನ್ನು ಓದಿ, ಹಾಗಾದರೆ ನಾಳೆಯೇ ಬರೋಣವೆಂದು ತಿರುಗಿ ಹೋಗುತ್ತದಂತೆ. ಮರುದಿನ ಬಂದರೂ ಅದೇ ಬರಹ, ಅದೇ ಮರ್ಯಾದೆ. ಪಾಪ, ಓದು ಬರಹ ಬಲ್ಲ ಪ್ರಾಮಾಣಿಕ ದೆವ್ವ! ನಾವು ವಿದ್ಯಾರ್ಥಿಗಳು ಮಾತ್ರ ಈ ಫಲಕವನ್ನು ಬಾಗಿಲಿಗೆ ಹಾಕಿಕೊಂಡಿಲ್ಲ, ಹಣೆಗೇ ಬರೆಸಿಕೊಂಡಿದ್ದೇವೆ. ಅಕೌಂಟೆನ್ಸಿ ಬಂದು ತಟ್ಟಿದರೆ "ನಾಳೆ ಬಾ", ಇಂಗ್ಲಿಷ್ ಬಂದು ತಟ್ಟಿದರೆ "ನಾಳೆ ಬಾ". ಕೊನೆಗೆ ಪರೀಕ್ಷೆ ಎಂಬುದೊಂದು ಬರುತ್ತದೆ. ಅದಕ್ಕೆ ಓದಲು ಬರುವುದಿಲ್ಲ. ಸೀದಾ ಒಳಗೇ ನುಗ್ಗುತ್ತದೆ.

ನಮ್ಮಲ್ಲಿ ಸಂಕಲ್ಪಕ್ಕೇನೂ ಬರವಿಲ್ಲ. ಪ್ರತಿ ಜೂನ್ ತಿಂಗಳಲ್ಲೂ ಹೊಸ ಟೈಂಟೇಬಲ್ ತಯಾರಾಗುತ್ತದೆ, ಕೆಂಪು ಶಾಯಿಯ ಅಡಿಗೆರೆ ಸಹಿತ. ಗಣಪತಿ ಹಬ್ಬದ ಹೊತ್ತಿಗೆ ಅದರ ಒಂದು ಮೂಲೆಯ ಅಂಟು ಬಿಟ್ಟು ಸುರುಳಿಯಾಗುತ್ತದೆ. ದೀಪಾವಳಿಗೆ ಮನೆ ಗುಡಿಸುವಾಗ ಪೂರ್ತಿಯಾಗಿ ಹೋಗುತ್ತದೆ. ಇದಕ್ಕೆ ಹಿರಿಯರು "ಆರಂಭಶೂರತ್ವ" ಎಂಬ ಒಳ್ಳೆಯ ಹೆಸರಿಟ್ಟಿದ್ದಾರೆ. ಜತೆಗೆ "ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಪ್ಪಾ" ಎಂಬ ಉಪದೇಶವನ್ನೂ ಕೊಡುತ್ತಾರೆ. ಆದರೆ ಗೋಡೆಗೆ ಅಂಟಿಸಿದ ಕಾಗದ ನಮ್ಮನ್ನು ಏನೂ ಕೇಳುವುದಿಲ್ಲವಲ್ಲ! ಕೇಳುವವರು ಒಬ್ಬರಾದರೂ ಬೇಕು. ಅವರು ಹೇಗಿರಬೇಕು ಎಂಬುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಸಾಕಿನಾಕಾದಲ್ಲಿ ನನ್ನ ಸೋದರಮಾವನ ಕ್ಯಾಂಟೀನಿಗೆ ದಿನಾ ಬರುವ ಪಿಗ್ಮಿಯವರನ್ನು ನೋಡಿ ಕಲಿತೆ.

ಕಾಮರ್ಸ್ ವಿದ್ಯಾರ್ಥಿ ಎಂದ ಮೇಲೆ ಸ್ವಲ್ಪ ಚರಿತ್ರೆ ಹೇಳದಿದ್ದರೆ ಹೇಗೆ? 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ತೆರೆದರು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ, ಊರವರ ಸಣ್ಣಪುಟ್ಟ ಉಳಿತಾಯವನ್ನೇ ಕೂಡಿಸಿ ನೆರವಾಗಬೇಕೆಂಬುದು ಅವರ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಬ್ಯಾಂಕಿನವನೇ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಂಡು ಹೋಗುವ ಏರ್ಪಾಡು. ಮುಂದೆ ಅದೇ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮೂಲ ಬ್ಯಾಂಕಿನ ಹೆಸರು ಬೋರ್ಡಿನಿಂದ ಇಳಿದರೂ "ಪಿಗ್ಮಿ" ಎಂಬ ಮಾತು ಉಳಿದಿದೆ. ಇಂದು ಎಷ್ಟೋ ಸಹಕಾರಿ ಸಂಘಗಳು ಅದನ್ನು ನಡೆಸುತ್ತಿವೆ.

ಎರಡಾಣೆ ಎಂದರೆ ಎಷ್ಟು? ರೂಪಾಯಿಗೆ ಹದಿನಾರಾಣೆ. ಒಂದು ದಿನವೂ ತಪ್ಪದೆ ಕಟ್ಟಿದರೆ 365 ದಿನಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಆ ಕಾಲದ ಬಡವನ ಕೈಯಲ್ಲಿ 45 ರೂಪಾಯಿ ಒಟ್ಟಿಗೆ ಇರುವುದೆಂದರೆ ಅದು ದೊಡ್ಡ ಗಂಟು. ಹನಿಗೂಡಿದರೆ ಹಳ್ಳ ಎಂಬುದು ಅವನಿಗೂ ಗೊತ್ತಿದ್ದ ಗಾದೆಯೇ. ಗೊತ್ತಿಲ್ಲದೆ ಯಾರೂ ಕೆಡುವುದಿಲ್ಲ. ಹನಿಯನ್ನು ದಿನಾ ಹಿಡಿಯಲು ಒಬ್ಬರು ಪಾತ್ರೆ ಹಿಡಿದು ಬಾಗಿಲಲ್ಲಿ ನಿಲ್ಲಬೇಕಿತ್ತು, ಅಷ್ಟೆ.

ಈಗ ಮಾವನ ಕ್ಯಾಂಟೀನಿಗೆ ಬನ್ನಿ. ಕುಂದಾಪುರದ ಕಡೆಯಿಂದ ಬಂದ ಮಾವ ಕಾರ್ಖಾನೆಗಳ ಗಾಳೆಯೊಂದರಲ್ಲಿ ಚಹಾ, ಇಡ್ಲಿ, ಮಧ್ಯಾಹ್ನದ ರೈಸ್ ಪ್ಲೇಟ್ ಮಾರುತ್ತಾರೆ. ಪಿಗ್ಮಿಯವರಿಗೆ ಅರವತ್ತು ದಾಟಿದೆ, ಕೈಯಲ್ಲಿ ಛತ್ರಿ, ಹೆಗಲಲ್ಲಿ ಚೀಲ. ಬರುವುದು ಸರಿಯಾಗಿ ಮೂರೂವರೆಗೆ. ಈ ಮೂರೂವರೆಯಲ್ಲಿ ದೊಡ್ಡ ಶಾಸ್ತ್ರವಿದೆ. ಊಟದ ಗಿರಾಕಿ ಮುಗಿದು ಗಲ್ಲಾ ತುಂಬಿರುವ ಹೊತ್ತು ಅದು. ಸಂಜೆ ಹಾಲಿನವನೂ ಪಾವಿನವನೂ ಬಂದು ಬಾಕಿ ಕೇಳುವುದಕ್ಕೆ ಇನ್ನೂ ಒಂದು ತಾಸಿದೆ. ನಾಲ್ಕೂವರೆಗೆ ಬಂದರೆ ಗಲ್ಲಾದಲ್ಲಿ ಚಿಲ್ಲರೆ ಮಾತ್ರ. ಮಾವ ಇನ್ನೂರು ರೂಪಾಯಿ ಕೊಡುತ್ತಾರೆ, ಪಿಗ್ಮಿಯವರು ಚಿಕ್ಕ ಮೆಷಿನ್ನಿನಲ್ಲಿ ಒತ್ತಿ ಚೀಟಿ ಹರಿದು ಕೊಡುತ್ತಾರೆ, ಅರ್ಧ ಕಟಿಂಗ್ ಚಹಾ ಕುಡಿದು ಮುಂದಿನ ಗಾಳೆಗೆ ಹೋಗುತ್ತಾರೆ. ಎಲ್ಲಾ ಸೇರಿ ನಾಲ್ಕು ನಿಮಿಷ. ರಜೆ ಕಳೆದು ವರ್ಷಕ್ಕೆ ಮುನ್ನೂರು ದಿನವೆಂದರೂ ಅರವತ್ತು ಸಾವಿರ. ಜೂನ್‌ನಲ್ಲಿ ನನ್ನ ಕಾಲೇಜಿನ ಫೀಸು ಹುಟ್ಟುವುದು ಈ ನಾಲ್ಕು ನಿಮಿಷಗಳಿಂದಲೇ.

ಮಳೆ ಜೋರಾಗಿ ವ್ಯಾಪಾರ ಬಿದ್ದ ದಿನ ಮಾವ ಕೈಯಾಡಿಸಿ "ಇವತ್ತಿಲ್ಲ" ಎನ್ನುತ್ತಾರೆ. ಆಗ ಪಿಗ್ಮಿಯವರು ಬೈಯುವುದಿಲ್ಲ, ಮುಖ ಸಣ್ಣದು ಮಾಡುವುದಿಲ್ಲ. "ಆಯ್ತಣ್ಣ, ನಾಳೆ ಬರ್ತೆ" ಎಂದು ಚಹಾ ಕುಡಿದು ಹೊರಡುತ್ತಾರೆ. ಮರುದಿನ ಮೂರೂವರೆಗೆ ಮತ್ತೆ ಹಾಜರು! "ನಾಳೆ ಬಾ" ಎಂದರೆ ನಿಜವಾಗಿಯೂ ನಾಳೆ ಬರುವ ಒಂದೇ ಜೀವ ಇದು. ಆ ದಿನದ ಚೀಟಿ ಇಲ್ಲ ಎಂಬುದೊಂದೇ ಶಿಕ್ಷೆ. ಮಾವನಿಗೆ ಅದು ಸಾಕಾಗುತ್ತದೆ.

ನೋಡಿ, ಕೆಲಸ ಚಿಕ್ಕದು, ಹೊತ್ತು ಗೊತ್ತಾದದ್ದು, ಬರುವವರು ಪರಿಚಯದವರು, ಕೊಟ್ಟದ್ದಕ್ಕೆ ಗುರುತು ಉಂಟು, ತಪ್ಪಿದರೆ ದಂಡವಿಲ್ಲದಿದ್ದರೂ ಲೆಕ್ಕದಲ್ಲಿ ಖಾಲಿ ಕಾಣುತ್ತದೆ. ಈ ಐದರಲ್ಲಿ ಒಂದು ತಪ್ಪಿದರೂ ಪಿಗ್ಮಿ ನಡೆಯದು. ಇನ್ನೊಂದನ್ನೂ ಮರೆಯಬಾರದು. ಬರುವವರಿಗೂ ಅದರಿಂದ ಅನ್ನ ಹುಟ್ಟಬೇಕು. ಕೂಡಿಸಿದ ಹಣದ ಮೇಲೆ ಅವರಿಗೆ ಕಮಿಷನ್ ಇದೆ. ಬ್ಯಾಂಕಿನ ಈ ಠೇವಣಿ ಸಂಗ್ರಾಹಕರು ಕೂಡ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

"ನಮ್ಮ ದುಡ್ಡು ನಾವು ಉಳಿಸಲು ಇನ್ನೊಬ್ಬರು ಯಾಕೆ?" ಎಂದು ಕೇಳುವ ಜಾಣರಿದ್ದಾರೆ. ಅವರಿಗೊಂದು ಲೆಕ್ಕ. ವಿಜಯವಾಡದ ಕೊಳೆಗೇರಿಗಳಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ ಐದು ರೂಪಾಯಿ ಕೂಡಿಸುತ್ತಿದ್ದ ಹೆಂಗಸೊಬ್ಬಳ ವಿಷಯವನ್ನು ಸ್ಟುವರ್ಟ್ ರುದರ್‌ಫೋರ್ಡ್ ಎಂಬ ಲೇಖಕರು ಬರೆದಿದ್ದಾರೆ. 220 ಕಂತು ಕಟ್ಟಿದರೆ 1,100 ರೂಪಾಯಿ; ಅವಳು ಹಿಂದಿರುಗಿಸುವುದು ಒಂದು ಸಾವಿರ. ನೂರು ರೂಪಾಯಿ ಅವಳ ಕೂಲಿ. ದಿನಕ್ಕೊಂದರಂತೆ ಕಟ್ಟಿದರೆ ಅವಳ ಬಳಿ ಸರಾಸರಿ ಇರುವುದು 550 ರೂಪಾಯಿ. ಅದಕ್ಕೆ 220 ದಿನಕ್ಕೆ ನೂರು ರೂಪಾಯಿ ಕೊಟ್ಟಂತಾಯಿತು, ವರ್ಷಕ್ಕೆ ಸುಮಾರು ನೂರಕ್ಕೆ ಮೂವತ್ತು! ಬಡ್ಡಿ ಬರುವುದಿರಲಿ, ಕೈಯಿಂದಲೇ ಬಡ್ಡಿ ಕೊಟ್ಟು ಜನ ಉಳಿಸುತ್ತಿದ್ದರು. ನಮ್ಮ ಪಠ್ಯಪುಸ್ತಕದ "ವಿವೇಕಿ ಗ್ರಾಹಕ" ಇದನ್ನು ಕೇಳಿದರೆ ಮೂರ್ಛೆ ಹೋದಾನು. ಆದರೆ ಆ ಹೆಂಗಸರು ಅವಿವೇಕಿಗಳಲ್ಲ. ಅವರು ಬೆಲೆ ಕೊಟ್ಟದ್ದು ದಿನಾ ತಪ್ಪದೆ ಬಾಗಿಲಿಗೆ ಬರುವ ಆ ಮುಖಕ್ಕೆ.

ಓದಿದವರ ಕಥೆಯೂ ಇದೇ. ಅಮೇರಿಕದ ಎಂ.ಐ.ಟಿ.ಯಲ್ಲಿ ನಡೆಸಿದ ಒಂದು ಪ್ರಯೋಗವನ್ನು ಏರಿಯಲಿ, ವರ್ಟನ್‌ಬ್ರೋಕ್ ಎಂಬಿಬ್ಬರು 2002ರಲ್ಲಿ ಪ್ರಕಟಿಸಿದರು. ಮೂರು ಪ್ರಬಂಧ ಒಪ್ಪಿಸಲು ಒಂದು ತರಗತಿಗೆ ಸಮಾನ ಅಂತರದ ಗಡುವು ಕೊಟ್ಟರು. ಇನ್ನೊಂದು ತರಗತಿಯವರಿಗೆ ಗಡುವನ್ನು ನೀವೇ ಆರಿಸಿಕೊಳ್ಳಿ, ಆದರೆ ತಪ್ಪಿದರೆ ಅಂಕ ಕಡಿಮೆ ಎಂದರು. ಕೊನೆಯ ದಿನವನ್ನೇ ಆರಿಸಬಹುದಾಗಿದ್ದರೂ ಬಹಳ ಮಂದಿ ಮೊದಲೇ ಗಡುವು ಹಾಕಿಕೊಂಡರು. ತಮ್ಮ ಗುಣ ತಮಗೆ ಗೊತ್ತು! ಆದರೂ ಹೆಚ್ಚು ಅಂಕ ಬಂದದ್ದು ಗುರುಗಳೇ ಗಡುವು ಹಾಕಿದ ತರಗತಿಗೆ.

ಕಾಲೇಜಿನಲ್ಲಿ ಇದಕ್ಕೆ ಅಕೌಂಟಬಿಲಿಟಿ ಎನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಆ ಪದ ಕೇಳಿದಾಗ ನೆನಪಾಗುವುದು "ಒಪ್ಪಿಸು" ಎಂಬ ಮಾತು. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು, ಲೆಕ್ಕ ಒಪ್ಪಿಸು. ಬರೀ ಕಲಿತರಾಗದು, ಕಲಿತದ್ದನ್ನು ಒಬ್ಬರ ಮುಂದೆ ತಂದು ಇಡಬೇಕು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಮುಂಬೈಗೆ ಬಂದಾಗ ಇಲ್ಲಿ ಪುಸ್ತಕವೆಲ್ಲ ಇಂಗ್ಲಿಷು, ಮಗ್ಗಿ ಒಪ್ಪಿಸಿಕೊಳ್ಳುವ ಮಾಸ್ತರರಿಲ್ಲ. ನೂರಿಪ್ಪತ್ತು ಮಂದಿಯ ತರಗತಿಯಲ್ಲಿ ಮೂಲೆಯ ಬೆಂಚಿನ ಹುಡುಗ ಓದಿದನೋ ಬಿಟ್ಟನೋ ಯಾರು ನೋಡಬೇಕು? ನಾವು ಕನ್ನಡದ ಹುಡುಗರು ಮುಂದೂಡುವುದಕ್ಕೆ ಸೋಮಾರಿತನ ಎಂದು ಹೆಸರಿಡುವವರು ಬಹಳ. ಅರ್ಧದಷ್ಟು ಅದು ಹೆದರಿಕೆ. ಅರ್ಥವಾಗದ ಪುಟ ತೆರೆಯಲು ಯಾರಿಗೆ ತಾನೆ ಅವಸರ?

ಹಾಗಾಗಿ ಮಾವನನ್ನೇ ನನ್ನ ಪಿಗ್ಮಿಯವರನ್ನಾಗಿ ಮಾಡಿಕೊಂಡೆ. ದಿನಕ್ಕೆ ಒಂದೇ ಲೆಕ್ಕ. ರಾತ್ರಿ ಒಂಬತ್ತಕ್ಕೆ ಗಲ್ಲಾ ಎಣಿಸಿ ಮುಗಿದ ಮೇಲೆ ಮಾವ ಕೂಗುತ್ತಾರೆ: "ಎಂತ ಮಾಣಿ, ಇವತ್ತಿನ್ ಪಿಗ್ಮಿ ಎಲ್ಲಿತ್ತ್?" ನಾನು ನೋಟುಬುಕ್ಕು ಕೊಡುತ್ತೇನೆ. ಮಾವ ಕಲಿತದ್ದು ಏಳನೆಯ ಕ್ಲಾಸು, ಅದೂ ಕನ್ನಡ. ಡಿಪ್ರಿಸಿಯೇಷನ್ ಎಂದರೆ ಏನೆಂದು ಅವರಿಗೆ ಬೇಡ. ಆದರೆ ಬ್ಯಾಲೆನ್ಸ್ ಶೀಟಿಗೆ ಒಂದು ಗುಣವಿದೆಯಲ್ಲ, ಎರಡೂ ಬದಿಯ ಮೊತ್ತ ಒಂದೇ ಬರಬೇಕು. ಮಾವ ಎಡಗೈ ಬೆರಳನ್ನು ಒಂದು ಮೊತ್ತದ ಮೇಲೂ ಬಲಗೈ ಬೆರಳನ್ನು ಇನ್ನೊಂದರ ಮೇಲೂ ಇಟ್ಟು ಅಂಕಿ ಅಂಕಿಯಾಗಿ ಓದುತ್ತಾರೆ. ಕೂಡಿದರೆ ತಾರೀಕು ಹಾಕಿ ಸೈ. ಕೂಡದಿದ್ದರೆ "ಇರ್ಲಿ, ನಾಳೆ ಕಾಂಬ" ಎಂದು "ಕೂಡಲಿಲ್ಲ" ಎಂದು ಕನ್ನಡದಲ್ಲಿ ಬರೆದು, ಅದಕ್ಕೂ ಸೈ! ಕೂಡದ ಲೆಕ್ಕವನ್ನೂ ಒಪ್ಪಿಸಬಹುದು, ಮರೆಮಾಚಬೇಕಿಲ್ಲ ಎಂಬುದು ಗೊತ್ತಾದ ಮೇಲೆ ಪುಸ್ತಕ ತೆರೆಯುವ ಕೈಗೆ ಅರ್ಧ ಭಾರ ಕಡಿಮೆಯಾಯಿತು. ನಮ್ಮನ್ನು ನೋಡುವವರು ವಿಷಯ ಬಲ್ಲ ಪಂಡಿತರೇ ಆಗಬೇಕೆಂದಿಲ್ಲ. ಪುಟ ತುಂಬಿದೆಯೇ ಎಂದು ದಿನಾ ನೋಡುವ ಕಣ್ಣಾದರೆ ಆಯಿತು.

ಕಣ್ಣಿನಲ್ಲೂ ಎರಡು ಜಾತಿ ಉಂಟು. ಪಿಗ್ಮಿಯವರು ಬರುವುದು ನಮ್ಮ ಹಣವನ್ನು ನಮಗಾಗಿ ಕೂಡಿಸಲು. ವಸೂಲಿಯವನು ಬರುವುದು ಅವನ ಹಣಕ್ಕೆ. ಸಾಲದ ಗುಂಪುಗಳಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಡುವ ಪದ್ಧತಿಯಿಂದ ಎಷ್ಟೋ ಹೆಂಗಸರು ಮೇಲೆ ಬಂದದ್ದು ನಿಜ. ಆದರೆ ಅದೇ ಕಣ್ಣು ಕೆಂಪಾದಾಗ ಏನಾಗುತ್ತದೆಂದು ಆಂಧ್ರಪ್ರದೇಶ 2010ರಲ್ಲಿ ಕಂಡಿತು. ಕಿರುಸಾಲದ ಬಲವಂತದ ವಸೂಲಿ ತಡೆಯಲು ಅಲ್ಲಿ ಸುಗ್ರೀವಾಜ್ಞೆಯೇ ಬಂತು. 2025ರಲ್ಲಿ ನಮ್ಮ ಕರ್ನಾಟಕವೂ ಅಂಥದ್ದೇ ಸುಗ್ರೀವಾಜ್ಞೆ ತರಬೇಕಾಯಿತು. ಓದಿನ ವಿಷಯದಲ್ಲೂ ಹಾಗೆಯೇ. ನಾಲ್ಕು ಜನರ ಮುಂದೆ ಮಾನ ಕಳೆಯುವವರನ್ನು ಪಿಗ್ಮಿಯವರಾಗಿ ಆರಿಸಬೇಡಿ. ಅವರಿಗೆ ಹೆದರಿ ನಾವು ಸುಳ್ಳು ಲೆಕ್ಕ ಬರೆಯಲು ಕಲಿಯುತ್ತೇವೆಯೇ ಹೊರತು ಲೆಕ್ಕ ಕಲಿಯುವುದಿಲ್ಲ.

ಈಗ ಮೊಬೈಲಿನಲ್ಲಿ ಆಟೋ ಡೆಬಿಟ್ ಇದೆಯಲ್ಲ, ತಿಂಗಳಿಗೊಮ್ಮೆ ತಾನಾಗಿಯೇ ಹಣ ಕತ್ತರಿಸುತ್ತದೆ, ಪಿಗ್ಮಿಯವರು ಯಾಕೆ ಎಂದು ಸ್ನೇಹಿತರು ಕೇಳುತ್ತಾರೆ. ಸಂಬಳದವರಿಗೆ ಅದು ಬಹಳ ಒಳ್ಳೆಯದು. ಆದರೆ ಅಲ್ಲಿ ಉಳಿತಾಯವಾಗುತ್ತದೆ, ಉಳಿಸುವವನು ಹುಟ್ಟುವುದಿಲ್ಲ. ಮಾವ ದಿನಾ ಗಲ್ಲಾಕ್ಕೆ ಕೈ ಹಾಕಿ, ಎರಡು ನೋಟು ಎಣಿಸಿ, ಮನಸ್ಸಾರೆ ಕೊಡುತ್ತಾರೆ. ವರ್ಷಕ್ಕೆ ಮುನ್ನೂರು ಸಲ "ಹೌದು" ಎಂದ ಕೈ ಅದು. ಮೂರೂವರೆಗೆ ಐದು ನಿಮಿಷ ಇರುವಾಗಲೇ ಆ ನೋಟುಗಳು ಬೇರೆಯಾಗಿ, ಮೇಲೊಂದು ಚಮಚ ಇಟ್ಟುಕೊಂಡು ಕಾಯುತ್ತಿರುತ್ತವೆ. ಪಿಗ್ಮಿಯವರು ಮಾವನನ್ನು ಕಾಯುವುದು ಹೋಗಿ, ಮಾವನೇ ಪಿಗ್ಮಿಯವರನ್ನು ಕಾಯುವಂತಾಯಿತು. ಅಭ್ಯಾಸ ಬಲಿತಿತೆನ್ನಲು ಇದಕ್ಕಿಂತ ಬೇರೆ ಗುರುತು ಬೇಕೆ? ಹೊರಗಿನ ಕಣ್ಣು ಬಳ್ಳಿಗೆ ಕೊಟ್ಟ ಕೋಲಿನ ಹಾಗೆ, ಹಬ್ಬುವುದು ಬಳ್ಳಿಯೇ.

ಕೋಲು ತೆಗೆದರೆ ಏನಾಗುತ್ತದೆ? ಕಳೆದ ಮೇ ತಿಂಗಳಲ್ಲಿ ಮಾವ ಹದಿನಾಲ್ಕು ದಿನ ಊರಿಗೆ ಹೋಗಿದ್ದರು. ಒಂಬತ್ತು ಗಂಟೆಗೆ ಕೂಗುವವರಿಲ್ಲ. ಲೆಕ್ಕ ಮಾತ್ರ ನಡೆಯಿತು, ಹದಿನಾಲ್ಕು ಪುಟ. ಅವರು ಬಂದ ರಾತ್ರಿ ನೋಟುಬುಕ್ಕು ಮುಂದಿಟ್ಟೆ. ಒಂದೊಂದೇ ಪುಟ ತಿರುವಿ, ಮೊತ್ತಗಳ ಮೇಲೆ ಬೆರಳಿಟ್ಟು ನೋಡಿದರು. ಪೆನ್ನು ಮಾತ್ರ ತೆಗೆಯಲಿಲ್ಲ. "ಅವತ್ತವತ್ತೇ ನಾನ್ ಕಾಣದ್ದಕ್ಕೆ ಸೈ ಹಾಕುದ್ ಹ್ಯಾಂಗ್ ಮಾರಾಯಾ?" ಎಂದರು. ಯಾವ ಚಾರ್ಟರ್ಡ್ ಅಕೌಂಟೆಂಟರೂ ಮೆಚ್ಚುವ ಮಾತು! ಸೈ ಇಲ್ಲದ ಆ ಹದಿನಾಲ್ಕು ಪುಟಗಳನ್ನು ನಾನು ಆಗಾಗ ತೆಗೆದು ನೋಡುತ್ತೇನೆ. ಉಳಿದ ಪುಟಗಳು ಮಾವನಿಗೆ ಒಪ್ಪಿಸಿದವು, ಇವು ನನಗೆ ನಾನೇ ಒಪ್ಪಿಸಿದವು.

ಮಿತ್ರರೇ, ನಮ್ಮ ಸಂಘದಲ್ಲಿ ಭಾಷಣಕ್ಕೆ ಬರವಿಲ್ಲ, ಇದನ್ನೂ ಅದರ ಜತೆ ಸೇರಿಸಬೇಡಿ. ನಿಮ್ಮ ಬೆಂಚಿನ ಪಕ್ಕದವನನ್ನೋ, ರೂಮಿನವನನ್ನೋ, ಅಮ್ಮನನ್ನೋ ಕೇಳಿ ನೋಡಿ. ದಿನಕ್ಕೆ ಎರಡಾಣೆಯಷ್ಟೇ ಕೆಲಸ ಇಟ್ಟುಕೊಳ್ಳಿ, ಎರಡು ರೂಪಾಯಿಯದು ಬೇಡ. ಹೊತ್ತು ಗೊತ್ತು ಮಾಡಿ, ಪುಟದ ಕೆಳಗೆ ಸೈಗೆ ಜಾಗ ಬಿಡಿ. ಮತ್ತೆ ನೀವೂ ಇನ್ನೊಬ್ಬರಿಗೆ ಪಿಗ್ಮಿಯವರಾಗಿ ಹೋಗಿ, ದಿನಾ ಹೋಗಿ. ಕಮಿಷನ್ ಅಂತ ಅರ್ಧ ಕಟಿಂಗ್ ಚಹಾ ಕೇಳಿದರೆ ಯಾರೂ ಇಲ್ಲ ಎನ್ನಲಾರರು.