ಅಕ್ಕ ಮಿಶಿನ್ ಕಟ್ಟಿಕೊಂಡು ಹೋದಳು

ಗಂಟು ಕಟ್ಟುವುದು ನಮ್ಮ ಜನಕ್ಕೆ ಹೊಸದಲ್ಲ. ಬರ ಬಂದಾಗ ಕಟ್ಟಿದ್ದೇವೆ. ಸಾಲ ಬೆಳೆದಾಗ ಕಟ್ಟಿದ್ದೇವೆ. ಊರಿನವರು ಕೇರಿಗೆ ನುಗ್ಗಿದ ರಾತ್ರಿ ಗಂಟು ಕಟ್ಟಲಿಕ್ಕೂ ಹೊತ್ತು ಸಿಗದೆ ಉಟ್ಟ ಬಟ್ಟೆಯಲ್ಲೇ ಓಡಿದ್ದೇವೆ. ಆ ಗಂಟುಗಳಲ್ಲಿ ಏನಿರುತ್ತಿತ್ತು? ಎರಡು ಹಳೇ ಸೀರೆ, ಒಂದು ಕಂಬಳಿ, ಒಂದು ಪಾತ್ರೆ, ಸೇರು ರಾಗಿಹಿಟ್ಟು. ದುಡಿಯುವ ಸಾಮಾನು ಮಾತ್ರ ಇರುತ್ತಿರಲಿಲ್ಲ. ಇರುವುದಾದರೂ ಹೇಗೆ? ನೇಗಿಲು ಗೌಡರದು, ಎತ್ತು ಗೌಡರದು, ಕುಡುಗೋಲೂ ಎಷ್ಟೋ ಸಲ ಅವರದೇ. ನಮ್ಮದು ಅಂತ ಇದ್ದದ್ದು ತಮಟೆ, ಪೊರಕೆ, ಚರ್ಮ ಕೊಯ್ಯುವ ಉಳಿ. ಅವನ್ನು ಹೊತ್ತುಕೊಂಡು ಬೇರೆ ಊರಿಗೆ ಹೋದರೆ ನಮಗಿಂತ ಮುಂಚೆ ನಮ್ಮ ಜಾತಿ ಆ ಊರು ಮುಟ್ಟುತ್ತಿತ್ತು. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಚಾಕರಿಗಳನ್ನು ರದ್ದು ಮಾಡಲು 1961ರಲ್ಲಿ ಕಾಯಿದೆ ಬಂತು. ಕಾಯಿದೆ ಪುಸ್ತಕದಲ್ಲಿ ಬಂತು. ತಮಟೆ ಮಾತ್ರ ಹೆಗಲಿನಿಂದ ಇಳಿಯಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಅದಕ್ಕೇ ನಾನು ಇಲ್ಲಿ ಒಂದು ಹೊಲಿಗೆ ಮಿಶಿನ್ನಿನ ವಿಷಯ ಬರೆಯುತ್ತಿದ್ದೇನೆ. ನನಗೆ ತಿಳಿದಂತೆ ನಮ್ಮ ಮನೆತನದಲ್ಲಿ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಹಗ್ಗ ಹಾಕಿ ಕಟ್ಟಿ, ಬಸ್ಸಿಗೆ ಹಾಕಿಕೊಂಡು ಹೋಗಬಹುದಾದ ಮೊದಲನೆಯ ದುಡಿಮೆಯ ಸಾಮಾನು ಅದು.

ಈ ಮಿಶಿನ್ನಿಗೆ ನಮ್ಮ ಪುರಾಣದಲ್ಲಿ ಜಾಗವಿಲ್ಲ. ಅದು ಯಾವ ದೇವರ ಪಾದದಿಂದಲೂ ತೊಡೆಯಿಂದಲೂ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದರು. ಕೈಯಲ್ಲಿ ಪೂರ್ತಿ ದುಡ್ಡಿಲ್ಲದವರಿಗೆ ಕಂತಿನ ಮೇಲೆ ಮಾರುವ ಉಪಾಯ ಸಿಂಗರ್ ಕಂಪನಿಯದು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಮಿಶಿನ್ ತಯಾರಾಯಿತು. ಯಂತ್ರಗಳ ಮೇಲೆ ಅಷ್ಟು ಸಿಟ್ಟಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಮಿಶಿನ್ನಿಗೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬುದು ಅವರು ಹೇಳಿದ ಕಾರಣ. ಆದರೆ ಗಾಂಧೀಜಿಗೆ ಮಿಶಿನ್ ಹಳ್ಳಿಯ ಮನೆಯೊಳಗೆ ಉಳಿಯಬೇಕಾದ ವಸ್ತು. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಅದೇ ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ಗುಹೆಯೆಂದು ಕರೆದರು. ಇಬ್ಬರಲ್ಲಿ ಯಾರು ಸರಿ ಅಂತ ಪುಸ್ತಕ ಓದಿ ತಿಳಿಯುವ ಮುಂಚೆಯೇ ನಮಗೆ ಟೇಪು ತಿಳಿಸಿತ್ತು.

ಟೇಪು ಅಂದರೆ 60 ಇಂಚಿನ ಅಳತೆ ಪಟ್ಟಿ. ಅಳತೆ ತೆಗೆಯುವುದೆಂದರೆ ಮೈ ಮುಟ್ಟುವುದು. ಹೆಗಲು, ತೋಳು, ಎದೆ, ಸೊಂಟ. ನಮ್ಮೂರ ದರ್ಜಿ ಕೇರಿಯವರ ಬಟ್ಟೆ ಹೊಲಿಯುತ್ತಿದ್ದ, ಹೊಲಿಯುತ್ತಿರಲಿಲ್ಲ ಅನ್ನಲಾರೆ. ಆದರೆ ಟೇಪು ಹಿಡಿಯುತ್ತಿರಲಿಲ್ಲ. ಬಟ್ಟೆಯನ್ನು ಜಗುಲಿ ಅಂಚಿಗೆ ಇಡಬೇಕು, ದೂರ ನಿಲ್ಲಬೇಕು, ಅವನು ಕಣ್ಣಲ್ಲೇ ಅಂದಾಜು ಮಾಡಬೇಕು. ಹಾಗಾಗಿ ನಮ್ಮಪ್ಪ ಮದುವೆಗೆ ಹಾಕಿಕೊಂಡ ಅಂಗಿಯ ತೋಳು ಬೆರಳು ಮುಚ್ಚುತ್ತಿತ್ತಂತೆ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಸೀರೆ ಉಡುವ ರೀತಿಯಲ್ಲಿ ಯಾರೂ ನಿಮ್ಮ ಜಾತಿ ಗುರುತಿಸದ ಹಾಗೆ ಉಡಿ ಎಂದು ಯಾಕೆ ಹೇಳಿದರು? ಬಟ್ಟೆಯಲ್ಲಿ ಜಾತಿ ಬರೆದಿತ್ತು. ಅದನ್ನು ಬರೆದವರು ನಾವಲ್ಲ.

ನಮ್ಮವ್ವ ಸಂಘದಿಂದ 3,000 ರೂಪಾಯಿ ಸಾಲ ಎತ್ತಿ, ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ತುಳಿಯುವ ಮಿಶಿನ್ ತಂದಾಗ ನನಗೆ ಆರು ವರ್ಷ. ಕಪ್ಪು ಕಬ್ಬಿಣ, ಬಂಗಾರದ ಬಣ್ಣದ ಅಕ್ಷರ ಅರ್ಧ ಅಳಿಸಿಹೋಗಿತ್ತು. ಅವ್ವ ಕೇರಿಯ ಹೆಂಗಸರಿಗೆಲ್ಲ ಟೇಪು ಹಿಡಿದು ಅಳತೆ ತೆಗೆದಳು. ಅರವತ್ತು ವರ್ಷದ ಅಜ್ಜಿಯೊಬ್ಬಳು, ‘ಅಯ್ಯೋ, ಕಚಗುಳಿ ಆಯ್ತದೆ ಕಣವ್ವ’ ಅಂತ ನಕ್ಕಳು. ಅವಳ ಮೈಗೆ ಟೇಪು ಸೋಕಿದ್ದು ಅದೇ ಮೊದಲು. ಅವ್ವನಿಗೆ ಓದು ಬರದು. ಅಳತೆಗಳನ್ನು ಬರೆದಿಡುವ ಕೆಲಸ ಅಕ್ಕನದಾಗಿ, ಆಮೇಲೆ ನನ್ನದಾಯಿತು. ನಾನು ಬರೆದ ಮೊದಲ ಪುಸ್ತಕ ಕವಿತೆಯದಲ್ಲ ಗೆಳೆಯರೆ, ಅಳತೆಯದು. ಉದ್ದ 14, ಎದೆ 34, ತೋಳು 9.

ಕೆಲವು ವರ್ಷಕ್ಕೆ ಮೇಲಿನ ಬೀದಿಯ ರವಿಕೆಗಳೂ ಬಂದವು. ಅವರು ಬರಲಿಲ್ಲ, ರವಿಕೆ ಬಂದವು. ಮಕ್ಕಳ ಕೈಲಿ ಒಂದು ಅಳತೆ ರವಿಕೆ, ಒಂದು ಹೊಸ ಬಟ್ಟೆ. ಅವ್ವನ ಕೂಲಿ ಕಮ್ಮಿ, ಹೊಲಿಗೆ ಗಟ್ಟಿ. ಮಿಶಿನ್ನಿನ ಕೆಳಚಕ್ರಕ್ಕೂ ಮೇಲುಚಕ್ರಕ್ಕೂ ನಡುವೆ ಓಡುವುದು ಚರ್ಮದ ಬೆಲ್ಟು. ಸತ್ತ ದನ ಎಳೆದವರು ನಾವು, ಚರ್ಮ ಹದ ಮಾಡಿದವರು ನಮ್ಮ ಮಾದಿಗ ಅಣ್ಣತಮ್ಮಂದಿರು. ಊರಿನ ಮಡಿಹಬ್ಬದ ರವಿಕೆಗಳೆಲ್ಲ ಆ ಚರ್ಮ ತಿರುಗಿದ್ದರಿಂದಲೇ ಹೊಲಿಗೆಯಾದವು. ಹೊಲಿದ ಮೇಲೆ ರವಿಕೆಗೆ ಮೈಲಿಗೆಯಿಲ್ಲ, ಹೊಲಿದವಳಿಗೆ ಮಾತ್ರ ಇದೆ.

2023ರ ಏಪ್ರಿಲ್ 14ರಂದು ನಮ್ಮ ಹುಡುಗರು ಬಾಬಾಸಾಹೇಬರ ಫೋಟೋ ಮೆರವಣಿಗೆಯನ್ನು ಮೇಲಿನ ಬೀದಿಯಲ್ಲಿ ತೆಗೆದುಕೊಂಡು ಹೋದರು. ಎಂಟು ದಿನದಲ್ಲಿ ಅಂಗಡಿ ನಿಂತಿತು, ಹಿಟ್ಟಿನ ಗಿರಣಿ ನಿಂತಿತು, ಕೂಲಿ ನಿಂತಿತು. ಅಳತೆ ರವಿಕೆಗಳನ್ನೆಲ್ಲ ಮಕ್ಕಳ ಕೈಲೇ ವಾಪಸ್ ತರಿಸಿಕೊಂಡರು. ಹೊಲಿದ ಕೂಲಿ ಬಾಕಿ ಯಾರೂ ಕೊಡಲಿಲ್ಲ. ಒಬ್ಬ ಹೆಂಗಸು ಮಾತ್ರ ಕತ್ತಲಾದ ಮೇಲೆ ಬಂದು 120 ರೂಪಾಯಿ ಅವ್ವನ ಕೈಲಿಟ್ಟು, ‘ಯಾರ್‌ಗೂ ಯೋಳ್‌ಬ್ಯಾಡ ಕಣವ್ವ’ ಅಂತ ಹೇಳಿ ಹೋದಳು. ದಲಿತರ ಮೇಲಿನ ದೌರ್ಜನ್ಯ ತಡೆ ಕಾಯಿದೆ 1989ರದು. 2015ರ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧವೆಂದು ಸೇರಿತು, 2016ರ ಜನವರಿ 26ರಿಂದ ಜಾರಿಯಾಯಿತು. ನಾವು ದೂರು ಬರೆದುಕೊಟ್ಟೆವು. ನಮಗೆ ಸಿಕ್ಕಿದ್ದು ಒಂದು ಶಾಂತಿಸಭೆ. ಅಂಗಡಿ ತೆರೆಯಿತು. ರವಿಕೆಗಳು ಮಾತ್ರ ಮತ್ತೆ ಬರಲಿಲ್ಲ. ಬಾ ಅಂತ ಕೇಳಲು ಯಾವ ಕಾಯಿದೆ ಇದೆ?

ಗಂಡ ಸತ್ತ ಮೇಲೆ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತೇನೆಂದಳು. ಮಿಶಿನ್ನನ್ನೂ ಒಯ್ಯುತ್ತೇನೆಂದಳು.

‘ಅಲ್ಲಿ ಸಾವ್ರ ಮಿಶಿನ್ ಅವಂತಲ್ಲ, ಇದ್ನ ಯಾಕವ್ವ ಹೊತ್ಕೊಂಡೋದೀಯೆ?’ ಅಂದಳು ಅವ್ವ.

‘ಅವು ಅವ್ರವು ಕಣವ್ವ. ಇದು ನಮ್ದು. ನಾಳೀಕೆ ಬ್ಯಾಡ ಅಂತ ಗೇಟಿಂದ ಆಚೆ ಕಳುಸುದ್ರೆ ಬರೀ ಕೈ ಇಟ್ಕೊಂಡ್ ನಾನೇನ್ ಮಾಡ್ಲಿ?’

ಅವ್ವ ಆಮೇಲೆ ಎದುರಾಡಲಿಲ್ಲ. ಕಟ್ಟುವುದು ಹೇಗೆಂದು ಹೇಳುತ್ತಾ ಕೂತಳು, ಅಕ್ಕ ಬಿಚ್ಚಿದಳು. ಹಿಂದಿನ ದಿನವೇ ಎಣ್ಣೆ ಒರೆಸಿ, ಚಿಂದಿಯ ಮೇಲೆ ಹೊಲಿಗೆ ಓಡಿಸಿ, ಮಿಕ್ಕ ಎಣ್ಣೆ ಬಿಡಿಸಿದ್ದಾಯಿತು. ಮೊದಲು ಸೂಜಿ ತೆಗೆ, ಅಲುಗಾಟಕ್ಕೆ ಮುರೀತದೆ. ಬಾಬಿನ್ ಕೇಸು ತೆಗೆದು ಬೇರೆ ಸುತ್ತು. ದಪ್ಪ ಬಟ್ಟೆ ಮಡಿಸಿಟ್ಟು ಅದರ ಮೇಲೆ ಪಾದ ಇಳಿಸು, ಇಲ್ಲದಿದ್ದರೆ ಬಸ್ಸಿನ ಕುಲುಕಾಟಕ್ಕೆ ಕೆಳಗಿನ ಹಲ್ಲು ಸವೆಯುತ್ತೆ. ಬೆಲ್ಟು ಚಕ್ರದಿಂದ ಜಾರಿಸು, ಕೊಯ್ಯಬೇಡ. ಆಮೇಲೆ ತಲೆಯನ್ನು ಹಿಂದಕ್ಕೆ ಮಗುಚಿ, ಹಿಂಜಿನ ಎರಡು ಸ್ಕ್ರೂ ಸಡಿಲ ಮಾಡಿದರೆ ಮಿಶಿನ್ ತಲೆ ಹಲಗೆಯಿಂದ ಎದ್ದು ಬರುತ್ತದೆ. ಅದೊಂದೇ 10-12 ಕೆ.ಜಿ. ಅಕ್ಕ ಅದನ್ನು ಕೂಸಿನ ಹಾಗೆ ಎರಡೂ ಕೈಲಿ ಎತ್ತಿ ಕೌದಿಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ನೆಟ್ಟಗೆ ಕೂರಿಸಿದಳು. ಕೈಚಕ್ರದ ಮೇಲೆ ಭಾರ ಬೀಳದ ಹಾಗೆ ಸುತ್ತ ಚಿಂದಿ ತುಂಬಿದಳು. ಸ್ಟ್ಯಾಂಡು ಬಿಚ್ಚಿ, ನಟ್ಟುಗಳನ್ನು ಅವವೇ ಬೋಲ್ಟಿಗೆ ತಿರುಗಿಸಿಟ್ಟಳು. ಚೀಲದಲ್ಲಿ ಹಾಕಿದರೆ ಒಂದಲ್ಲ ಒಂದು ಕಳೆಯುತ್ತದೆ. 14, 16, 18ರ ಸೂಜಿಗಳು ಕಾಗದದ ಮಡಿಕೆಯಲ್ಲಿ, ಸೀಮೆಸುಣ್ಣ ತಗಡಿನ ಡಬ್ಬಿಯಲ್ಲಿ, ಕತ್ತರಿಯ ಬಾಯಿಗೆ ಬಟ್ಟೆ. ಎಣ್ಣೆ ಬುಡ್ಡಿ ಎಲ್ಲದರಿಂದ ದೂರ, ಪ್ಲಾಸ್ಟಿಕ್ಕಿನಲ್ಲಿ. ಎಲ್ಲಕ್ಕೂ ಮೇಲೆ ಅಳತೆ ಪುಸ್ತಕ. ‘ಆ ಅಳ್ತೆ ಅಲ್ಯಾರ್‌ಗೆ ಬೇಕು?’ ಅಂದೆ. ‘ಖಾಲಿ ಹಾಳೆ ಅವಲ್ಲ’ ಅಂದಳು ಅಕ್ಕ.

ಬಸ್ಸಿನಲ್ಲಿ ಅಕ್ಕನಿಗೆ ಟಿಕೆಟ್ಟಿಗೆ ದುಡ್ಡಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾಗಿತ್ತು. ಕಂಡಕ್ಟರು ತೂಕ ಜಾಸ್ತಿ ಅಂತ ಮಿಶಿನ್ನಿಗೆ ಲಗೇಜ್ ಚಾರ್ಜು ಹಾಕಿದ. ಹೆಣ್ಣು ಪುಕ್ಕಟೆ, ಅವಳ ದುಡಿಮೆಗೆ ದುಡ್ಡು ಅಂತ ನಾನು ಹೇಳಿದ್ದಕ್ಕೆ ಅಕ್ಕ, ‘ಬರ್ಕೊ, ಪದ್ಯ ಆಯ್ತದೆ’ ಅಂತ ನಕ್ಕಳು.

1917ರಲ್ಲಿ ಬರೋಡದಲ್ಲಿ ಬಾಬಾಸಾಹೇಬರು ಪಾರ್ಸಿ ಛತ್ರದಲ್ಲಿ ಇಳಿದಿದ್ದಾಗ ದೊಣ್ಣೆ ಹಿಡಿದು ಬಂದವರು ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದರು. ಅಮೆರಿಕದ ಓದು ಅವರಿಗೆ ಒಂದು ರಾತ್ರಿಯ ಸೂರು ಕೊಡಿಸಲಿಲ್ಲ. ನೂರಕ್ಕೂ ಹೆಚ್ಚು ವರ್ಷದ ನಂತರ ಬೆಂಗಳೂರಿನಲ್ಲಿ ಅಕ್ಕನಿಗೆ ಮೂರು ಮನೆ ಬಾಗಿಲು ಮುಚ್ಚಿದವು. ನಾಲ್ಕನೆಯ ಮನೆಯ ಒಡತಿಯೂ ಅದೇ ಕೇಳಿದಳು: ‘ನೀವು ಏನು ಜನ?’ ಅಕ್ಕ ಆಟೋದಲ್ಲಿದ್ದ ಮಿಶಿನ್ ತೋರಿಸಿ, ‘ಹೊಲಿಯೋರು ಕಣಮ್ಮ’ ಅಂದಳಂತೆ. ಆ ಒಡತಿಯ ಕಿವಿಗೆ ಬಿದ್ದದ್ದು ಯಾವ ಮಾತೋ ಗೊತ್ತಿಲ್ಲ. ಅರೆಗಳಿಗೆ ಮುಖ ನೋಡಿ, ‘ಸೀರೆಗೆ ಫಾಲ್ ಹಾಕ್ತೀಯಾ?’ ಅಂದಳಂತೆ. ಅಕ್ಕ ಸುಳ್ಳು ಹೇಳಲಿಲ್ಲ.

ಹಗಲು ಗಾರ್ಮೆಂಟ್ಸು. ಅಲ್ಲಿ ಅವಳು ಹೊಲಿಯುವುದು ಕಾಲರು ಮಾತ್ರ. ತೋಳು ಇನ್ನೊಬ್ಬಳು, ಕಾಜಾ ಮತ್ತೊಬ್ಬಳು. ಇಡೀ ಅಂಗಿಯನ್ನು ಯಾರೂ ಹೊಲಿಯುವುದಿಲ್ಲ. ಕರೆಂಟಿನ ಮಿಶಿನ್ನುಗಳು ಸಾಲಾಗಿ ಕೂತಿವೆ, ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು. ಬೆಂಗಳೂರಿನ ಈ ಸಾಲುಗಳಲ್ಲಿ ಕೂತವರಲ್ಲಿ ಹೆಚ್ಚಿನವರು ಹೆಂಗಸರು, ನಮ್ಮಂಥ ಹಳ್ಳಿಗಳಿಂದ ಬಂದವರು ಬಹಳ. ಮಿಶಿನ್ ಅವರದಲ್ಲ, ಅಂಗಿ ಅವರದಲ್ಲ. ಆದರೆ 2016ರ ಏಪ್ರಿಲ್ 18 ಮತ್ತು 19ರಂದು, ಪಿ.ಎಫ್. ಹಣ ಪೂರ್ತಿ ಕೈಗೆ ಬರಬೇಕಾದರೆ 58 ವರ್ಷ ತುಂಬಬೇಕೆಂಬ ನಿಯಮದ ವಿರುದ್ಧ ಇದೇ ಹೆಂಗಸರು ಸಾವಿರ ಸಾವಿರವಾಗಿ ಬೆಂಗಳೂರಿನ ರಸ್ತೆಗೆ ಇಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಮಿಶಿನ್ ನಿಲ್ಲಿಸುವುದೂ ಒಂದು ಕಸುಬು. ಅದನ್ನು ಒಬ್ಬಳೇ ಮಾಡಲಾಗುವುದಿಲ್ಲ.

ರಾತ್ರಿ, ಭಾನುವಾರ, ಅಕ್ಕ ತನ್ನ ಮಿಶಿನ್ ತುಳಿಯುತ್ತಾಳೆ. ಅಲ್ಲಿ ಇಡೀ ರವಿಕೆ ಅವಳದೇ. ಖಾಲಿ ಹಾಳೆಗಳಲ್ಲಿ ಹೊಸ ಹೆಸರುಗಳು ಬಂದಿವೆ. ಈಗ ಬರೆಯುವವಳು ಅವಳ ಮಗಳು.

ಇದರಿಂದ ಜಾತಿ ನಾಶವಾಯಿತೆಂದು ನಾನು ಹೇಳುವುದಿಲ್ಲ. ಊರಿನಲ್ಲೇ ಬದುಕುವ ಹಕ್ಕಿಗಾಗಿ ನಮ್ಮ ಜಗಳ ನಿಲ್ಲಬಾರದು. ಅಕ್ಕ ಹೋದದ್ದು ಅವಳ ಗೆಲುವು, ಹೋಗಬೇಕಾಗಿ ಬಂದದ್ದು ಊರಿನ ಅಪರಾಧ. ಎರಡನ್ನೂ ಒಟ್ಟಿಗೇ ಹೇಳಬೇಕು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮ ಯೋಜನೆ ತಂದು, 18 ಕಸುಬುಗಳಲ್ಲಿ ದರ್ಜಿಯನ್ನೂ ಸೇರಿಸಿ, ಸಲಕರಣೆಗೆ 15,000 ರೂಪಾಯಿವರೆಗೆ ಎಂದಿತು. ಆ ಪಟ್ಟಿಯಲ್ಲಿ ಚಮ್ಮಾರ, ಅಗಸ, ಕ್ಷೌರಿಕರೂ ಇದ್ದಾರೆ. ಅಪ್ಪನ ಕಸುಬನ್ನೇ ಮಗ ಹಿಡಿಯಲಿ ಅಂತ ಕೊಡುವ ಉಳಿಗೂ, ಹೆಣ್ಣೊಬ್ಬಳು ತಾನೇ ಆರಿಸಿಕೊಂಡ ಮಿಶಿನ್ನಿಗೂ ಅಜಗಜಾಂತರ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೆ, ನಿಮ್ಮೂರಲ್ಲೂ ವೇದಿಕೆ ಹಾಕಿ ಹೊಲಿಗೆ ಮಿಶಿನ್ ಹಂಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸಭೆ ಮುಗಿದ ಮೇಲೆ ನೀವು ಕೇರಿಗೆ ಹೋಗಿ. ಬಿಲ್ಲು ಅವಳ ಹೆಸರಿನಲ್ಲಿದೆಯೇ ನೋಡಿ. ಎಣ್ಣೆ ಬಿಡಲು, ಸೂಜಿ ಬದಲಿಸಲು, ಬಿಚ್ಚಿ ಕಟ್ಟಲು ಅವಳಿಗೇ ಬರಲಿ. ಬಹಿಷ್ಕಾರ ಹಾಕಿದರೆ ದೂರು ಬರೆಯುವುದನ್ನು ಕಲಿಸಿ. ಒಂದು ಅಳತೆ ಪುಸ್ತಕ ಕೊಡಿಸಿ, ನಾಕು ಅಕ್ಷರ ಬರದಿದ್ದರೆ ನೀವೇ ಕೂತು ಬರೆದುಕೊಡಿ. ನಮ್ಮ ಹೆಣ್ಣುಮಕ್ಕಳು ಇನ್ನು ಮುಂದೆ ಊರಲ್ಲಿ ಉಳಿದರೂ ಸರಿ, ಊರು ಬಿಟ್ಟರೂ ಸರಿ, ಬರಿಗೈಯಲ್ಲಿ ಇರಬಾರದು.