ಗೇರ್ ಬಾಕ್ಸಿನ ಸದ್ದು

ನಮ್ಮೂರ ಹೊಲದ ಎಚ್‌ಎಂಟಿ ಟ್ರ್ಯಾಕ್ಟರಿಗೂ ನಾನು ಹೊಟ್ಟೆಪಾಡಿಗೆ ಬಂದಿರುವ ವಡೋದರಾಕ್ಕೂ ದೂರದ ನೆಂಟಸ್ತಿಕೆಯಿದೆ. ಅರವತ್ತರ ದಶಕದಲ್ಲಿ ಇಲ್ಲಿನ ಕಾರ್ಖಾನೆಯೊಂದು ಚೆಕೊಸ್ಲೊವಾಕಿಯಾದ ಜೆಟರ್ ಸಹಯೋಗದಲ್ಲಿ 'ಹಿಂದುಸ್ತಾನ್' ಟ್ರ್ಯಾಕ್ಟರ್ ಮಾಡುತ್ತಿತ್ತು. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರಿಗೆ ಕೈಹಾಕಿದ್ದೂ ಅದೇ ಜೆಟರ್ ನೆರವಿನಿಂದ. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ 2016ರಲ್ಲಿ ತೀರ್ಮಾನಿಸಿತು. ಅಲ್ಲಿಂದ ಬಿಡಿಭಾಗದ್ದೇ ಚಿಂತೆ.

ಹೋದ ಮುಂಗಾರಿನ ಹೊಸ್ತಿಲಲ್ಲಿ ಹಾವೇರಿಯಿಂದ ತಮ್ಮನ ಫೋನು. "ಅಣ್ಣಾ, ಗೇರ್ ಬಾಕ್ಸ್ ಕರಕರ ಅಂತೈತಿ. ಮಿಸ್ತ್ರಿ ಎಲ್ಲಾ ಬಿಚ್ಚಬೇಕು ಅಂತಾನ. ಗುಜರಿಯವ ರೇಟ್ ಹೇಳಿ ಹೋಗ್ಯಾನ." (ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ಭಾನುವಾರದ ಸಂತೆಗೂ ಗುಜರಿ ಬಜಾರ್ ಎಂದೇ ಹೆಸರು. ಆ ಮಾತು ಕೇಳಿದರೆ ಈಗ ನನಗೆ ಎರಡೂ ಊರು ನೆನಪಾಗುತ್ತವೆ.)

ಫೋನಿನಲ್ಲಿ ಸದ್ದು ಕೇಳಿ ರೋಗ ಹೇಳಲಾಗದು. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕೇಳಬಹುದು. ಮೊದಲು ಎಣ್ಣೆ ನೋಡಿಸಿದೆ, ಮಟ್ಟ ಸರಿಯಿತ್ತು. ಗಾಡಿ ನಿಂತಲ್ಲೇ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ತುಳಿ ಎಂದೆ. ತುಳಿದಾಗಲೇ ಸದ್ದು ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ತುಳಿದಾಗ ಅಡಗಿದರೆ ಇನ್‌ಪುಟ್ ಶಾಫ್ಟು, ಅದರ ಜೊತೆ ತಿರುಗುವ ಗೇರು, ಬೇರಿಂಗು. ಗಾಡಿ ಓಡುವಾಗ ಮಾತ್ರ, ಎಲ್ಲ ಗೇರಿನಲ್ಲೂ ಬಂದರೆ ಹಿಂದಿನ ಕ್ರೌನ್-ಪಿನಿಯನ್ ಕಡೆ ಹೋಗಬೇಕು. ತಿರುವಿನಲ್ಲಷ್ಟೇ ಬಂದರೆ ಡಿಫರೆನ್ಷಿಯಲ್. ನನಗೆ ಭಯವಿದ್ದದ್ದು ಕ್ರೌನ್-ಪಿನಿಯನ್ನಿನದು. ಅದು ಹೋಗಿದ್ದರೆ ಗುಜರಿಯವನೇ ಗೆದ್ದಂತೆ.

"ತುಳಿದ್ರ ಗಪ್ ಆಗತೈತಿ," ಎಂದ.

ಎಣ್ಣೆ ಇಳಿಸಿ ಡ್ರೇನ್ ಪ್ಲಗ್ಗಿನ ಫೋಟೊ ಕಳಿಸಲು ಹೇಳಿದೆ. ನುಣ್ಣನೆಯ ಬೂದು ಕೆಸರಿದ್ದರೆ ಅದು ಸಾಮಾನ್ಯ ಸವೆತ. ಫೋಟೊದಲ್ಲಿ ಕೆಸರಿನ ನಡುವೆ ಮೀನಿನ ಹೊಟ್ಟಿನಂಥ ತೆಳು ಚಕ್ಕೆಗಳಿದ್ದವು. ಹಲ್ಲು ಮುರಿದಿದ್ದರೆ ಮೂಲೆಗಳಿರುವ ದಪ್ಪ ತುಂಡು ಸಿಗಬೇಕಿತ್ತು. ಚಕ್ಕೆ ಏಳುವುದು ಹೆಚ್ಚಾಗಿ ಬೇರಿಂಗಿನ ಓಟದ ದಾರಿಯಿಂದ.

ನಡುವೆ ಬಿಚ್ಚುವುದಂತೂ ತಪ್ಪಲಿಲ್ಲ. ಆದರೆ ಮಿಸ್ತ್ರಿ ಹಿಂಬದಿಗೆ ಕೈ ಹಾಕಲಿಲ್ಲ. ಬೇರಿಂಗಿನ ಬಳೆಯ ಮೇಲಿದ್ದ ನಂಬರನ್ನು ತಮ್ಮ ಸೀಮೆಎಣ್ಣೆಯಲ್ಲಿ ಒರೆಸಿ ಓದಿದ. ಕಂಪನಿ ಮುಚ್ಚಿದರೂ ಆ ನಂಬರಿಗೆ ಸಾವಿಲ್ಲ. 6208 ಎಂದಿದ್ದರೆ ಯಾವ ದೇಶದಲ್ಲಾದರೂ ಒಳಗಿನ ತೂತು 40 ಮಿಲಿಮೀಟರ್, ಹೊರಗಿನ ಅಳತೆ 80. ಮಕರಪುರದ ಅಂಗಡಿಯಲ್ಲಿ ಕೊಂಡು ಕೊರಿಯರ್ ಮಾಡಿದೆ.

ಬಿತ್ತಿಗೆ ನಿಲ್ಲಲಿಲ್ಲ. ವಾರ ಬಿಟ್ಟು ಕೇಳಿದಾಗ, "ಮೂರನೇ ಗೇರಿನಾಗ ಇನ್ನೂ ಗುಂಯ್ ಅಂತೈತಿ ನೋಡು," ಎಂದ.

ಅದು ಅಪ್ಪ ಓಡಿಸುವಾಗಲೂ ಇತ್ತು. ಅದನ್ನು ಮುಟ್ಟಬೇಡ ಎಂದೆ.