ಊರು ಬಿಟ್ಟವರ ಬೆನ್ನಿಗೆ ಊರು

ನನ್ನ ಹೆಸರಿನ ಕೊನೆಗೆ ‘ಕಣಗಲಿ’ ಎಂದಿರುವುದನ್ನು ಕಂಡ ಕೂಡಲೇ ಮೈಸೂರು ಸೀಮೆಯವರು ಕೇಳುವ ಮೊದಲ ಪ್ರಶ್ನೆ: ‘ಪುಟ್ಟಣ್ಣ ಕಣಗಾಲ್ ನಿಮಗೇನಾಗಬೇಕು?’

ಏನೂ ಆಗಬೇಕಾಗಿಲ್ಲ. ಆ ದೊಡ್ಡ ನಿರ್ದೇಶಕರ ಕಣಗಾಲು ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ನಮ್ಮದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಕಣಗಲಾ. ನಡುವೆ ಇಡೀ ಕರ್ನಾಟಕವೇ ಇದೆ. ಈ ಉತ್ತರವನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ನಲವತ್ತು ದಾಟಿದರೂ ಕಣಗಲಾವನ್ನು ನಾನು ಕಣ್ಣಾರೆ ಕಂಡಿರಲಿಲ್ಲ!

ಕಾಣುವಂತೆ ಮಾಡಿದವಳು ಮಗಳು. ಬೆಂಗಳೂರಿನಲ್ಲಿ ಆಕೆಯನ್ನು ಶಾಲೆಗೆ ಸೇರಿಸುವಾಗ, ‘ಸರ್‌ನೇಮ್ ಉದ್ದವಾಯಿತು, ಇನಿಷಿಯಲ್ ಸಾಕು’ ಎಂದು ಅಲ್ಲಿಯವರು ಕಣಗಲಿಯನ್ನು ಒಂದು ‘ಕೆ’ ಅಕ್ಷರಕ್ಕೆ ಇಳಿಸಿದ್ದರು. ನಾನೂ ಸುಮ್ಮನಿದ್ದೆ. ಈಗ ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಹೊತ್ತು ಬಂತು. ಆ ಅಂಕಪಟ್ಟಿಯ ಹೆಸರು ಜೀವಮಾನವಿಡೀ ಬೆನ್ನು ಬಿಡುವುದಿಲ್ಲ. ‘ಈ ಕೆ ಅಂದರೆ ಏನಪ್ಪಾ? ಇಟ್ಟುಕೊಳ್ಳಲೋ ಬಿಡಲೋ?’ ಎಂದಳು. ಉತ್ತರ ಹೇಳುವ ಬದಲು ದಸರಾ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೊರಟೆ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆ ಹೊರಟರೆ ಕಣಗಲಾ ಸಿಗುತ್ತದೆ. ಸುತ್ತ ಕಬ್ಬಿನ ಗದ್ದೆಗಳು. ಹೊರಗಿನವರಿಗೆ ಈ ಊರಿನ ಪರಿಚಯ ಇರುವುದು ಕಾರ್ಖಾನೆಯಿಂದ. ತಿರುವನಂತಪುರದಲ್ಲಿ ಕೇಂದ್ರ ಕಚೇರಿಯಿರುವ ಹಿಂದೂಸ್ತಾನ್ ಲೇಟೆಕ್ಸ್ ಕಂಪನಿ, ಅಂದರೆ ಇಂದಿನ ಎಚ್.ಎಲ್.ಎಲ್. ಲೈಫ್‌ಕೇರ್, 1985ರಲ್ಲಿ ಇಲ್ಲಿ ಘಟಕ ತೆರೆಯಿತು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಕೆಂಪು, ಬಿಳಿ ಕಣಗಿಲೆ ಹೂ ಬಿಟ್ಟಿತ್ತು. ‘ಕಣಗಿಲೆ ಗಿಡದ ಊರೇ ಕಣಗಲಾ’ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಸಂಸ್ಕೃತದಲ್ಲಿ ಇದೇ ಕರವೀರ. ನೀರಿಲ್ಲದಿದ್ದರೂ ಬದುಕುವ, ವಿಷದ ಹಾಲಿರುವುದರಿಂದ ದನ ಬಾಯಿ ಹಾಕದ ಗಟ್ಟಿ ಗಿಡ. ಬೇಲಿಗೂ ಹೆದ್ದಾರಿಗೂ ಅದನ್ನು ನೆಡುವುದು ಇದಕ್ಕಾಗಿಯೇ.

ಊರೊಳಗಿನ ಚಹಾದಂಗಡಿಯಲ್ಲಿ ಕುಳಿತೆವು. ಪಟಗಾ ಸುತ್ತಿದ್ದ ಹಿರಿಯರೊಬ್ಬರು ವಿಚಾರಿಸಿದರು. ನಾನು ಹೆಮ್ಮೆಯಿಂದ, ‘ನಾವು ಕಣಗಲಿಯವರು. ಇಲ್ಲಿ ಕಣಗಲಿ ಮನೆತನ ಎಲ್ಲಿದೆ?’ ಎಂದೆ.

ಅವರು ಬಾಯ್ತುಂಬ ನಕ್ಕರು. ‘ಇಲ್ಲಿ ಕಣಗಲಿ ಅನ್ನೋರನ್ನ ಎಲ್ಲಿ ಹುಡುಕ್ತೀರಿ? ನಾವೆಲ್ಲಾರೂ ಕಣಗಲಾದವರ ಅದೀವಿ. ಯಾರಿಗಂತ ಕಣಗಲಿ ಅನ್ನೂಣು?’

ಮಗಳು ನನ್ನ ಮುಖ ನೋಡಿದಳು. ಇಷ್ಟು ದೂರ ಬಂದು ಹುಡುಕಿದ ಹೆಸರು ಅದು ಹುಟ್ಟಿದ ಊರಿನಲ್ಲೇ ಇಲ್ಲ! ಆದರೆ ಅಜ್ಜನ ಮಾತು ಎಷ್ಟು ಸರಳ, ಎಷ್ಟು ಸತ್ಯ. ಊರಲ್ಲೇ ಉಳಿದವನಿಗೆ ಊರಿನ ಹೆಸರು ಬೇಕಿಲ್ಲ. ಅವನು ಗೌಡ, ಕುಂಬಾರ, ಬಡಿಗೇರ ಅಥವಾ ಮೂಲಿಮನಿ. ಊರಿನ ಹೆಸರು ಅಂಟಿಕೊಳ್ಳುವುದು ಊರು ಬಿಟ್ಟವನಿಗೆ.

ನಮ್ಮ ಮುತ್ತಜ್ಜ ಬರಗಾಲದ ವರ್ಷವೊಂದರಲ್ಲಿ ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿಗೆ ದುಡಿಯಲು ಹೋದನಂತೆ. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ‘ಯಾವೂರು?’ ‘ಕಣಗಲಾ.’ ಹಾಜರಿ ಪುಸ್ತಕದಲ್ಲಿ ಅಂದೇ ನಾವು ಕಣಗಲಿ ಆದೆವು. ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಇದು.

ಹಳೆಯ ಮೈಸೂರಿನ ದಾರಿ ಬೇರೆ. ಅಲ್ಲಿ ಊರಿನ ಹೆಸರು ಮುಂದೆ ಬಂದು ಇನಿಷಿಯಲ್ ಆಗುತ್ತದೆ. ಸರ್ ಎಂ.ವಿ. ಅವರ ‘ಎಂ’ ಮೋಕ್ಷಗುಂಡಂ. ಆ ಊರು ಆಂಧ್ರದಲ್ಲಿದೆ, ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಪುಟ್ಟಣ್ಣನವರ ಮನೆಯಲ್ಲಂತೂ ಎರಡೂ ಪದ್ಧತಿ ಇದ್ದವು. ತಮ್ಮ ಪುಟ್ಟಣ್ಣ ಕಣಗಾಲ್, ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ. ‘ಅಡ್ಡಹೆಸರು’ ಎಂಬ ಮಾತೂ ಹಾಗೆಯೇ. ನಮ್ಮಲ್ಲಿ ಅದು ಮನೆತನದ ಹೆಸರು, ಮೈಸೂರು ಕಡೆ ಚೇಷ್ಟೆಯ ಹೆಸರು.

ನಮ್ಮ ಕಡೆಯ ಅಡ್ಡಹೆಸರುಗಳನ್ನು ದಾರಿಯುದ್ದಕ್ಕೂ ಮಗಳಿಗೆ ಹೇಳುತ್ತಾ ಬಂದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ತುಪ್ಪದ ಎಂದಾಗ, ‘ತರಗತಿಯ ಹಾಜರಿ ಕೂಗಿದರೆ ಅಡುಗೆಯೇ ಆಗುತ್ತದಲ್ಲ!’ ಎಂದು ನಕ್ಕಳು. ಒಂದೊಂದರ ಹಿಂದೆಯೂ ಒಬ್ಬ ವ್ಯಾಪಾರಿಯೋ ಬೆಳೆಗಾರನೋ ಇದ್ದಾನೆ. ಇದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿ ಕುಲುಮೆಯ ಬೆಂಕಿಯಿದೆ. ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ‘ಸ್ಮಿತ್’ ಎಂಬ ಅಡ್ಡಹೆಸರಿಗೂ ಕಂಬಾರನೆಂದೇ ಅರ್ಥ.

ಊರು ಬಿಟ್ಟವರ ಪಟ್ಟಿಯೂ ಉದ್ದವಾಗಿದೆ. 1981ರ ಭಾಷಾ ವರದಿಯಿಂದ, 1982ರ ಚಳವಳಿಯಿಂದ ‘ಗೋಕಾಕ’ ಎಂಬ ಹೆಸರು ನಾಡಿನ ಬಾಯಲ್ಲಿ ನೆಲೆಯಾಯಿತು. ಆದರೆ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ! ಸಂಶೋಧಕ ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲ್ಲೂಕಿನಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ.

ಇಲ್ಲಿ ಮಗಳು ಥಟ್ಟನೆ ಕೇಳಿದಳು. ‘ನಾಳೆ ಮದುವೆಯಾದರೆ ನನ್ನ ಕಣಗಲಿ ಹೋಗುತ್ತದಲ್ಲ?’

ನಮ್ಮ ಮುತ್ತಜ್ಜಿ ಯಾವ ಊರಿನ ಮಗಳೆಂಬುದು ಇಂದು ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಆಕೆಯ ಊರು ಯಾವ ಪುಸ್ತಕಕ್ಕೂ ಏರಲಿಲ್ಲ. ಮಗಳಿಗೆ ಗಂಗೂಬಾಯಿಯವರನ್ನೇ ತೋರಿಸಿದೆ. ಅವರ ಪತಿ ಗುರುರಾವ್ ಕೌಲಗಿ. ಲೋಕ ಬಲ್ಲದ್ದು ಹಾನಗಲ್ಲ ಗಂಗೂಬಾಯಿಯನ್ನು. ಹೆಣ್ಣುಮಗಳು ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. ‘ಇಡುವುದೂ ಬಿಡುವುದೂ ನಿನಗೆ ಸೇರಿದ್ದು’ ಎಂದೆ.

ಮರಳುವಾಗ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಹಿನ್ನೀರಿಗೆ ಹೋದೆವು. ಈ ನೀರಿನಲ್ಲಿ ಹುನ್ನೂರಿನ ಹಳೆಯ ವಿಠ್ಠಲ ದೇವಾಲಯ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೆ ಕಾಣಿಸುತ್ತದೆ. ನಾವು ಹೋದಾಗ ನೀರು ತುಂಬಿತ್ತು. ಮೀನು ಹಿಡಿಯುವವನೊಬ್ಬ ಕೈಚಾಚಿ, ‘ಅಲ್ಲೈತಿ ನೋಡ್ರಿ’ ಎಂದ. ನಮಗೆ ಕಂಡದ್ದು ನೀರು ಮಾತ್ರ.

ಆಗ ಕಿತ್ತೂರಿನ ಪಾಠದ ಹೆಸರೊಂದು ನೆನಪಾಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಹತನಾದ ಧಾರವಾಡದ ಕಲೆಕ್ಟರ್ ಥ್ಯಾಕರೆ. ಇಂಗ್ಲಿಷರಲ್ಲೂ ಅಪರೂಪದ ಈ ಅಡ್ಡಹೆಸರು ಒಂದು ಹಳ್ಳಿಯದೇ. ಯಾರ್ಕ್‌ಷೈರ್ ಸೀಮೆಯ ಥ್ಯಾಕ್ರೆ ಎಂಬ ಆ ಜಾಗದ ಹೆಸರಿಗೆ ಹಳೆಯ ನಾರ್ಸ್ ಭಾಷೆಯಲ್ಲಿ ‘ಸೂರು ಹೊದಿಸುವ ಜೊಂಡಿನ ಮೂಲೆ’ ಎಂದರ್ಥ. ಆ ಮೂಲೆ ಈಗ ಫ್ಯೂಸ್ಟನ್ ಜಲಾಶಯದ ಅಡಿಯಲ್ಲಿದೆ. ಜೊಂಡೂ ಇಲ್ಲ, ಹಳ್ಳಿಯೂ ಇಲ್ಲ. ಅಲ್ಲಿಂದ ಎಂದೋ ಹೊರಟವರ ಹೆಸರಿನಲ್ಲಿ ಅದು ಕಿತ್ತೂರಿನವರೆಗೆ ಬಂತು. ಕಲೆಕ್ಟರನ ಅಣ್ಣನ ಮಗ, ಕಾದಂಬರಿಕಾರ ಥ್ಯಾಕರೆಯ ಪುಸ್ತಕಗಳ ಮೇಲೆ ಇಂದಿಗೂ ಉಳಿದಿದೆ.

ಮಗಳು ಬಹಳ ಹೊತ್ತು ನೀರು ನೋಡುತ್ತಾ ನಿಂತಿದ್ದಳು.

ಬೆಂಗಳೂರಿಗೆ ಬಂದ ಮೇಲೆ ಕೆಲಸ ಸುಲಭವಿರಲಿಲ್ಲ. ಶಾಲೆಯ ದಾಖಲೆ, ಆಧಾರ್ ಎರಡರಲ್ಲೂ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಮುಂದೆ ಪಾಸ್‌ಪೋರ್ಟಿಗೆ ಪರದಾಟ. ಮಕ್ಕಳನ್ನು ಶಾಲೆಗೆ ಸೇರಿಸುವ ದಿನವೇ ತಂದೆತಾಯಿಗಳು ಈ ಎಚ್ಚರ ವಹಿಸುವುದು ಒಳ್ಳೆಯದು. ನಾನು ವಹಿಸಿರಲಿಲ್ಲ, ಆದ್ದರಿಂದ ಓಡಾಡಿದೆ. ಪ್ರಮಾಣಪತ್ರ ಮಾಡಿಸಿದ್ದಾಯಿತು, ಎರಡು ಸಲ ಕಚೇರಿ ಅಲೆದದ್ದಾಯಿತು.

ಕೊನೆಗೆ ಅರ್ಜಿಯಲ್ಲಿ ಅವಳೇ ಬರೆದಳು: ತನ್ನ ಹೆಸರು, ಮುಂದೆ ‘ಕಣಗಲಿ’, ಪೂರ್ತಿಯಾಗಿ. ಮರುದಿನ ಶಾಲೆಯಲ್ಲಿ ಯಾರೋ, ‘ಪುಟ್ಟಣ್ಣ ಕಣಗಾಲ್ ನಿನಗೇನಾಗಬೇಕು?’ ಎಂದರಂತೆ.

‘ಏನೂ ಆಗಬೇಕಾಗಿಲ್ಲ. ನಮ್ಮದು ಬೇರೆ ಊರು. ನಾನು ನೋಡಿಕೊಂಡು ಬಂದಿದ್ದೇನೆ’ ಎಂದಳಂತೆ.